ಭಂಡಾರ ಹಣೆಗಿರಲಿ

ಹೊಟ್ಟೆ ಉಬ್ಬಿದೆ ಎಂದರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: "ನಿನ್ನಿ ಏನ್ ಉಂಡಿದ್ದಿ?"

ನಮ್ಮ ಅವ್ವ ಲಗಮವ್ವನಿಗೂ ಎಲ್ಲರೂ ಅದನ್ನೇ ಕೇಳಿದರು. ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರದ ಹೊಳೆದಂಡೆಯ ಊರು ನಮ್ಮದು. ಕುರಿ ಕಾಯುವ ಮನೆತನ, ಬೀರೇಶ್ವರನಿಗೆ, ಅಂದರೆ ನಮ್ಮ ಬೀರಪ್ಪನಿಗೆ, ನಡೆದುಕೊಳ್ಳುವವರು. ಅರ್ಧ ರೊಟ್ಟಿ ತಿನ್ನುವುದರೊಳಗೆ ಅವ್ವ ಸಾಕು ಎಂದು ತಟ್ಟೆ ಸರಿಸುತ್ತಿದ್ದಳು. ಕೈಕಾಲು ಸಣ್ಣಗಾಗುತ್ತ ಬಂದವು, ಹೊಟ್ಟೆ ಮಾತ್ರ ಮುಂದೆ ಬಂತು. ಮತ್ತೆ ಮತ್ತೆ ಒಂದಕ್ಕೆ ಹೋಗಬೇಕಾಗುತ್ತಿತ್ತು. ಅಜವಾನ ಅಗಿದಳು, ಸೋಡಾ ಕುಡಿದಳು, ಗ್ಯಾಸಿನ ಗುಳಿಗೆ ನುಂಗಿದಳು. ನಳದ ಹತ್ತಿರ ಹೆಂಗಸರು ನಗುತ್ತಿದ್ದರು.

"ಲಗಮವ್ವಾ, ಮಗಳ ಲಗ್ನ ಮಾಡೂ ಹೊತ್ತಿಗೆ ನೀನ ಬಾಣಂತಿ ಆಗ್ತಿ ನೋಡು!"

"ಆಗಲಿ ಬಿಡ್ರೆ. ತೊಟ್ಟಲಾ ತೂಗಾಕ ನೀವ ಬರ್ರಿ," ಎಂದು ಅವ್ವನೂ ನಗುತ್ತಿದ್ದಳು. ಆದರೆ ಕೊಡ ಇಟ್ಟುಕೊಳ್ಳಲು ಸೊಂಟ ಸಿಗುತ್ತಿರಲಿಲ್ಲ.

ಹೀಗೆ ಅರ್ಧ ವರ್ಷ ಹೋಯಿತು. ಕೊನೆಗೆ ಜಮಖಂಡಿಯಲ್ಲಿ ಸ್ಕ್ಯಾನಿಂಗ್ ಮಾಡಿದವರು ನಮ್ಮನ್ನು ಬೆಳಗಾವಿಗೆ ಕಳಿಸಿದರು. ಅಲ್ಲಿ ಗೊತ್ತಾಯಿತು, ಅವ್ವನಿಗೆ ಅಂಡಾಶಯದ ಕ್ಯಾನ್ಸರ್. ಹೆಂಗಸಿನ ಹೊಟ್ಟೆಯಲ್ಲಿ ಗರ್ಭಕೋಶದ ಎರಡೂ ಬದಿಗೆ ಇರುವ ಸಣ್ಣ ಅಂಗಗಳು ಅಂಡಾಶಯಗಳು. ಈ ಮಾತನ್ನು ಬಾಯಿಬಿಟ್ಟು ಹೇಳಲು ಬಿ.ಎ. ಓದಿದ ನನಗೂ ನಾಚಿಕೆ. ಅವ್ವನೇ ಹೇಳಿದಳು, "ಉಮಾ, ಹೊಟ್ಟಿ ನಂದು, ನಾಚಿಕಿ ನಿಂದೇನ? ಬರಿ." ಅದಕ್ಕೇ ಬರೆಯುತ್ತಿದ್ದೇನೆ.

ಅದು 2009ನೆಯ ಇಸವಿ. ಆಪರೇಶನ್ ಆಯಿತು. ಒಂದು ವಾರ ಬಿಟ್ಟು ಗಂಗಾಂಬಿಕಾ ಡಾಕ್ಟರರು ನಮ್ಮ ಅಪ್ಪ ಅಮಸಿದ್ದಪ್ಪನನ್ನೂ ಅಪ್ಪನ ತಾಯಿ ಅನ್ನವ್ವ ಆಯಿಯನ್ನೂ ಅವ್ವನ ಮಂಚದ ಬಳಿಗೆ ಕರೆದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ.

"ಕಣ್ಣಿಗೆ ಕಂಡದ್ದು ತಗದೇವಿ," ಎಂದರು ಡಾಕ್ಟರು. "ಜ್ವಾಳದ ಕಾಳಿನಂಥಾವು ಅಲ್ಲೊಂದು ಇಲ್ಲೊಂದು ಉಳದಾವ. ಕಣ್ಣಿಗೆ ಕಾಣದ್ದೂ ಇರತಾವ. ಅವಕ್ಕ ಇನ್ನ ಆರು ಸಲ ಔಷಧ ಕೊಡಬೇಕು. ಅದಕ್ಕ ಎರಡು ದಾರಿ ಅದಾವ. ಕೈಯಾಗಿನ ರಕ್ತನಾಳದಿಂದ ಸಲಾಯಿನ್ ಹಚ್ಚಿದಂಗ ಕೊಡೂದು ಒಂದು. ಹೊಟ್ಟಿಯೊಳಗ ಸಣ್ಣ ನಳಿಗಿ ಇಟ್ಟು, ಔಷಧ ನೆಟ್ಟಗ ಹೊಟ್ಟಿಗೆ ಬಿಡೂದು ಇನ್ನೊಂದು."

ಅಪ್ಪ ಥಟ್ಟನೆ ಎದ್ದು ನಿಂತ. "ಹೊಟ್ಟಿ ಚುಚ್ಚೂದು ಆಗಂಗಿಲ್ರಿ, ಡಾಕ್ಟರ ಬಾಯಾರ."

"ಯಾಕ್ರಿ?"

"ನಾವು ಕುರಿ ಮಂದಿ. ಕುರಿ ಹೊಟ್ಟಿ ಉಬ್ಬಿ ಬಿದ್ದಾಗ, ಎಲ್ಲಾ ಮಾಡಿ ಸೋತ ಮ್ಯಾಲ, ಕಡೀಕ ಹೊಟ್ಟಿ ಚುಚ್ಚಿ ಗಾಳಿ ಬಿಡತೀವಿ. ಹಂಗ ಚುಚ್ಚಿದ ಕುರಿ ನಾ ನೋಡಿದ್ರಾಗ ಒಂದೂ ಮುಂದಿನ ಮಳಿಗಾಲ ಕಂಡಿಲ್ಲ."

ಅವ್ವ ಮಲಗಿದಲ್ಲಿಂದಲೇ ಹೇಳಿದಳು, "ನಾ ಕುರಿ ಅಲ್ರಿ. ಇಷ್ಟ ವರ್ಷ ಆತು, ಇನ್ನೂ ಗುರತ ಸಿಗವಲ್ತೇನು?"

ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ.

"ನೀವು ಗಾಳಿ ಹೊರಗ ಬಿಡಾಕ ಚುಚ್ಚತೀರಿ. ನಾವು ಔಷಧ ಒಳಗ ಬಿಡಾಕ ನಳಿಗಿ ಇಡತೀವಿ. ಹೊರಗೇನೂ ಜೋತಾಡೂದಿಲ್ಲ. ಇಲ್ಲಿ ಪಕ್ಕಿ ಎಲುವಿನ ಮ್ಯಾಲ, ತೊಗಲಿನ ಕೆಳಗ, ಅಂಗಿ ಗುಂಡಿಯಂಥಾ ಒಂದು ಗುಂಡಿ ಇರತೈತಿ. ಆ ಗುಂಡಿಗೆ ಸೂಜಿ ಹಾಕಿ ಔಷಧ ಬಿಡತೀವಿ."

ಅಪ್ಪ ಕುಳಿತು ತನ್ನ ರುಮಾಲಿನ ತುದಿ ತಿರುವಿದ. ಆಮೇಲೆ ತಾನೇ ಕೇಳಿದ.

"ಕುರಿ ಮೈಗೆ ಉಣ್ಣಿ ಹತ್ತಿದ್ರ ಔಷಧದ ನೀರಾಗ ಮುಳಗಸ್ತೀವಿ. ಜ್ವರ ಬಂದ್ರ ಸೂಜಿ ಮಾಡಸ್ತೀವಿ. ಇದು ಹಂಗೇನ್ರಿ? ಒಂದು ರೋಗ ಕುಂತ ಜಾಗಾಕ್ಕ, ಒಂದು ಎಲ್ಲಾ ಮೈಗೆ?"

"ಹೆಚ್ಚುಕಡಿಮಿ ಹಂಗ. ಹೊಟ್ಟಿ ದಾರಿ ಹಿಡದ್ರೂ ಸ್ವಲ್ಪ ಔಷಧ ಕೈಯಿಂದ ಕೊಡಬೇಕಾಗತೈತಿ."

"ಎರಡರಾಗ ಛಲೋ ಯಾವುದ್ರಿ?"

"ಖರೆ ಹೇಳತೇನಿ, ಕೇಳ್ರಿ. ಇಂಥಾ ಪೇಶಂಟ್ ಮಂದೀನ ಎರಡು ಗುಂಪು ಮಾಡಿ ನೋಡ್ಯಾರ. ಹೊಟ್ಟಿ ದಾರಿಯವರು ಹೆಚ್ಚು ದಿನ ಬಾಳ್ಯಾರ. ಆದ್ರ ಆ ದಾರಿ ಕಠಿಣ. ಹೊಟ್ಟಿ ನೋವು, ವಾಂತಿ, ಸೋಂಕು, ನಳಿಗಿ ಕಟ್ಟೂದು, ಎಲ್ಲಾ ಹೆಚ್ಚು. ಅವರಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರೂ ಸಲ ಹೊಟ್ಟಿಯಿಂದ ತಗೊಳ್ಳಾಕ ಆಗಿಲ್ಲ, ನಡುವ ಕೈಗೆ ಬಂದಾರ. ಒಳಗ ದೊಡ್ಡ ಗಡ್ಡಿ ಉಳದವರಿಗೆ, ಕಿಡ್ನಿ ಸರಿ ಇಲ್ಲದವರಿಗೆ ನಾವು ಹೊಟ್ಟಿ ದಾರಿ ಹೇಳೂದೂ ಇಲ್ಲ. ಲಗಮವ್ವಗ ಹೊಂದಬಹುದು. ಬ್ಯಾಡ ಅಂದ್ರ ಕೈಯಿಂದನ ಕೊಡತೀವಿ. ಅದೂ ಔಷಧನ."

"ನಾ ಹೊಟ್ಟಿದು ತಗೋತೇನಿ," ಎಂದಳು ಅವ್ವ. ಅಪ್ಪ ತಲೆಯಾಡಿಸಿದ.

ನಳಿಗೆ, ಗುಂಡಿ ಎರಡನ್ನೂ ಇಟ್ಟು ಮನೆಗೆ ಕಳಿಸುವಾಗ ನರ್ಸಮ್ಮ ಬಿಡಿಸಿ ಹೇಳಿದರು. "ಗುಂಡಿ ಮ್ಯಾಲ ಎಣ್ಣಿ, ಮುಲಾಮ, ಗಿಡದ ಔಷಧ ಏನೂ ಹಚ್ಚಬ್ಯಾಡ್ರಿ. ಜ್ವರ ಬಂದ್ರ, ಕೆಂಪಾದ್ರ, ಹೊಟ್ಟಿ ಬಿಗದ್ರ, ಅವತ್ತ ಬರ್ರಿ. ನಾಳಿ ಅನಬ್ಯಾಡ್ರಿ."

"ಹೂಂ ಯವ್ವಾ, ಎಣ್ಣಿ ಬಾಟ್ಲಿ ಮನ್ಯಾಗ ಮುಚ್ಚಿಡತೇನಿ," ಎಂದಳು ಆಯಿ. ಹೇಳಿದಂತೆಯೇ ಮುಚ್ಚಿಟ್ಟಳು.

ಮೊದಲ ಸಲ ಹೊಟ್ಟೆಗೆ ಔಷಧ ಬಿಟ್ಟ ದಿನ ಅವ್ವನ ಹೊಟ್ಟೆ ಬಿಗಿದ ಹಲಗೆಯಂತಾಯಿತು. ಔಷಧ ಎಲ್ಲ ಕಡೆ ಹರಡಲಿ ಎಂದು ನರ್ಸಮ್ಮ ಆಕೆಯನ್ನು ಎಡಕ್ಕೆ, ಬಲಕ್ಕೆ ಹೊರಳಿಸುತ್ತಲೇ ಇದ್ದರು.

"ಮಜ್ಜಿಗಿ ಕಡದಂಗ ಕಡಿಯಾಕತ್ತೀರಿ ನನ್ನ. ಬೆಣ್ಣಿ ಬಂದ್ರ ನನಗೂ ಒಂದೀಟು ಕೊಡ್ರಿ," ಎಂದಳು ಅವ್ವ. ಪಕ್ಕದ ಬೆಂಚಿನ ಮೇಲಿದ್ದ ಹೆಂಗಸು ಕಿಸಕ್ಕನೆ ನಕ್ಕಳು.

ಆಕೆ ಬನಹಟ್ಟಿಯ ತಾಯವ್ವ, ಸೀರೆ ನೇಯುವವಳು. ಆಕೆಗೂ ಇದೇ ರೋಗ ಬಂದು ಹೋಗಿತ್ತು. ಮೂರು ವರ್ಷದ ಹಿಂದೆ ಕೈಯಿಂದಲೇ ಔಷಧ ತೆಗೆದುಕೊಂಡು ಮುಗಿಸಿ, ಈಗ ತಪಾಸಣೆಗೆ ಬಂದಿದ್ದಳು. ತನ್ನ ಬೆರಳು ತೋರಿಸಿದಳು. "ಔಷಧ ತಗೊಂಡಾಗಿಂದ ಇವು ಜೋಂ ಹಿಡದಾವ. ಎಳಿ ಹರದ್ರ ಗಂಟ ಹಾಕಾಕ ಈಗೂ ಬ್ಯಾರೇದವರನ್ನ ಕರೀತೇನಿ. ಆದ್ರ ಮಗ್ಗದ ಮುಂದ ಕುಂತೇನಿ ನೋಡು." ಹೋಗುವಾಗ ತನ್ನ ಓಣಿಯ ಗುರುತು ಹೇಳಿ ಹೋದಳು.

ಊರಿಗೆ ಬಂದ ಮೇಲೆ ಅವ್ವನ ಕೂದಲು ಉದುರಿತು. ಆಯಿ ಬಾಚಣಿಗೆ ಹಿಡಿದುಕೊಂಡು ಅತ್ತಳು. "ವರ್ಷಾ ಕುರಿ ಬೋಳಸ್ತೀರಿ, ಅವು ಅಳತಾವೇನತ್ತಿ? ಮತ್ತ ಬರತಾವ, ಸುಮ್ನಿರು," ಎಂದಳು ಅವ್ವ. ವಾಂತಿಯ ದಿನಗಳಲ್ಲೂ ಆಕೆಗೆ ಮಾತು ಬತ್ತಿರಲಿಲ್ಲ. ಎರಡನೆಯ ಸಲದ ಔಷಧವೂ ಆಯಿತು.

ಆಮೇಲೆ ಒಂದು ಮುಂಜಾನೆ ಅವ್ವ ಸ್ಟೋವಿನ ಮುಂದೆಯೂ ಕಂಬಳಿ ಹೊದ್ದು ಕುಳಿತಳು. ಮೈ ಮುಟ್ಟಿದೆ, ಸುಡುತ್ತಿತ್ತು.

"ಅವ್ವಾ, ದವಾಖಾನಿಗೆ ಹೋಗೂಣು."

"ಔಷಧದ ಕಾವು ಅದು. ಇಳೀತೈತಿ."

"ಅಮಸಿದ್ದ ಬರಲಿ," ಎಂದಳು ಆಯಿ. "ಹೆಣ್ಣಮಕ್ಕಳಷ್ಟ ಅಷ್ಟ ದೂರ ಹೆಂಗ ಹೋಗೂದು?"

ಅಪ್ಪ ಮುಧೋಳದ ಕಡೆ ಇದ್ದ. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಹಿಂಡು ಹೊಡೆದುಕೊಂಡು ಹೋಗಿದ್ದ. ಫೋನ್ ಹತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಮರುದಿನ ಸಂಜೆ ಹತ್ತಿತು. ಅಪ್ಪ ಬರುವಷ್ಟರಲ್ಲಿ ಅವ್ವ ಸೆಟೆದ ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದ್ದಳು. ತಮಾಷೆ ನಿಂತುಹೋಗಿತ್ತು.

ಬೆಳಗಾವಿಯಲ್ಲಿ ನರ್ಸಮ್ಮ ಗುಂಡಿಯ ಮೇಲಿನ ಪಟ್ಟಿ ಬಿಚ್ಚಿದರು. ಪಟ್ಟಿಯ ಕೆಳಗೆಲ್ಲ ಹಳದಿ. ಮಾಗದ ಹೊಲಿಗೆಯ ಸಂದಿಯಲ್ಲಿ ಹಳದಿ ಪುಡಿ ಕೀವಿನೊಂದಿಗೆ ಕೂಡಿ ಗಟ್ಟಿಯಾಗಿತ್ತು.

"ಏನ್ ಹಚ್ಚೀರಿ ಇದಕ್ಕ?"

"ಏನೂ ಹಚ್ಚಿಲ್ಲ ಯವ್ವಾ," ಎಂದಳು ಆಯಿ.

"ಮತ್ತ ಈ ಹಳದಿ?"

"ಅದಾ? ಭಂಡಾರ, ದೇವರ ಅರಿಷಿಣ ಪುಡಿ. ಹೋದ ಸಲ ಇಲ್ಲಿಂದ ಹೋದಾಗಿಂದ ದಿನಾ ಮುಂಜಾನಿ ಬೀರಪ್ಪನ ಪೂಜಿ ಮಾಡಿ, ಹಣಿಗೆ ಹಚ್ಚಿ, ಪಟ್ಟಿ ಸರಿಸಿ ಇಲ್ಲೂ ಒಂದ ಚಿವಟಿ ಇಡತಿದ್ದೆ."

"ಏನೂ ಹಚ್ಚಬ್ಯಾಡ್ರಿ ಅಂತ ಹೇಳಿದ್ದೆನಲ್ಲ, ಆಯಿ!"

"ಔಷಧ ಹಚ್ಚಬ್ಯಾಡ್ರಿ ಅಂದಿ. ಭಂಡಾರ ಔಷಧೇನ ಯವ್ವಾ? ಅದು ದೇವ್ರು."

ನರ್ಸಮ್ಮ ಡಾಕ್ಟರನ್ನು ಕರೆಯಲು ಹೋದರು.

ಸೋಂಕು ಹೊಟ್ಟೆಯೊಳಗೂ ಇಳಿದಿತ್ತು. ಗುಂಡಿ, ನಳಿಗೆ ಎರಡನ್ನೂ ತೆಗೆದರು. ಸೋಂಕಿನ ಇಂಜೆಕ್ಷನ್ ನಡೆದ ಅಷ್ಟೂ ದಿನ ಆಯಿ ವಾರ್ಡಿನ ಹೊರಗೆ ನೆಲದ ಮೇಲೆ ಕುಳಿತಿದ್ದಳು, ಒಳಗೆ ಬರಲಿಲ್ಲ. ಡಾಕ್ಟರು ತಾವೇ ಹೊರಗೆ ಬಂದು ಆಕೆಯ ಪಕ್ಕ ಕುಳಿತರು.

"ಆಯಿ, ನಿಮ್ಮ ಭಂಡಾರ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಪುಡಿ ಯಾವುದ ಇರಲಿ, ಅದರಾಗ ಕಣ್ಣಿಗೆ ಕಾಣದ ಹುಳ ಇರತಾವ. ಹಣಿ ಮ್ಯಾಲ ಅವು ಏನೂ ಮಾಡೂದಿಲ್ಲ. ಆದ್ರ ಈ ಔಷಧ ತಗೊಳ್ಳೂ ಹೊತ್ತಿನಾಗ ಲಗಮವ್ವನ ಮೈಯಾಗ ಹುಳದ ಕೂಡ ಗುದ್ದಾಡೂ ಶಕ್ತಿ ಇರೂದಿಲ್ಲ. ಹಸಿ ಗಾಯದಿಂದ ನಳಿಗಿ ಹಿಡದು ಒಳಗ ಹೋಗತಾವ."

"ನಾನ ಕೊಂದೆ ಹಂಗಾರ."

"ಇಲ್ಲ. ಭಂಡಾರ ಮುಟ್ಟದವರಿಗೂ ಈ ಸೋಂಕು ಆಗತೈತಿ. ಇದರಿಂದನ ಆತು ಅಂತ ನಾ ಆಣಿ ಮಾಡಿ ಹೇಳಾಕ ಬರೂದಿಲ್ಲ."

ಆಯಿ ಡಾಕ್ಟರ ಮುಖವನ್ನೇ ನೋಡಿದಳು. ಆ ಮಾತಿನಿಂದ ಆಕೆಗೆ ಸಮಾಧಾನವೂ ಆಗಲಿಲ್ಲ, ಶಿಕ್ಷೆಯೂ ಸಿಗಲಿಲ್ಲ.

"ಸೋಂಕು ಇಳದ ಮ್ಯಾಲ ಉಳದ ಔಷಧ ಕೈಯಿಂದ ಕೊಡತೀವಿ," ಎಂದು ಡಾಕ್ಟರು ಅಪ್ಪನಿಗೆ ಹೇಳಿ, ಬರಬೇಕಾದ ದಿನ ತಿಳಿಸಿದರು.

ಆ ದಿನ ಬಂತು. ನಾವು ಹೋಗಲಿಲ್ಲ.

"ಮುಗೀತು," ಎಂದಿದ್ದ ಅಪ್ಪ. ಅಷ್ಟೇ. ಜಗಲಿಯ ಮೇಲೆ ಕುಳಿತರೆ ಏಳುತ್ತಿರಲಿಲ್ಲ. ಆಯಿ ದೇವರ ಜಗಲಿಗೆ ದೀಪ ಹಚ್ಚುವುದನ್ನು ಬಿಟ್ಟಳು. ಅವ್ವನ ಎದುರಿಗೆ ಬಂದರೆ ಕೈ ಎರಡನ್ನೂ ಸೆರಗಿನೊಳಗೆ ಅಡಗಿಸಿಕೊಳ್ಳುತ್ತಿದ್ದಳು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮನೆಯಲ್ಲಿ ಮೂವರೂ ಒಬ್ಬರನ್ನೊಬ್ಬರು ಬಯ್ಯುತ್ತಿರಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನನಗೆ ಅಪ್ಪನಿಗೆ ಎದುರು ಮಾತಾಡಿ ಗೊತ್ತಿಲ್ಲ. ಜಮಖಂಡಿಗೆ ಹೋಗಿ ಬನಹಟ್ಟಿಯ ಬಸ್ ಹತ್ತಿದೆ. ಮಗ್ಗದ ಸದ್ದಿನ ಓಣಿಯಲ್ಲಿ ತಾಯವ್ವನ ಮನೆ ಕೇಳುತ್ತ ಹೋದೆ. ಆಕೆ ನನ್ನ ಮುಖ ನೋಡಿದವಳೇ ಲಾಳಿ ಕೆಳಗಿಟ್ಟಳು. "ಅಕಿ ಇದ್ದಾಳೋ ಇಲ್ಲೋ?" ಎಂದಳು. "ಇದ್ದಾಳ," ಎಂದೆ. "ಇದ್ರ ನಡಿ, ಹೋಗೂಣು."

ನಮ್ಮ ಮನೆಯ ಹೊಸ್ತಿಲು ದಾಟುತ್ತಲೇ ತಾಯವ್ವ ಸುರುಮಾಡಿದಳು.

"ಏನಣ್ಣಾರ, ಹೇಣ್ತಿನ್ನ ಮಲಗಿಸಿ ಕಾವಲ ಕುಂತೀರೇನು?"

"ಬರ್ರಿ, ಕುಂದರ್ರಿ," ಎಂದ ಅಪ್ಪ.

"ಕುಂದರಾಕ ಬಂದಿಲ್ಲ. ಕೈಯಿಂದ ಔಷಧ ಕೊಡತೇವಿ ಅಂದಾರಂತಲ್ಲ, ಯಾಕ ಒಯ್ದಿಲ್ಲ?"

"ಹೊಟ್ಟಿ ದಾರಿ ಛಲೋ ಅಂದ್ರು. ಅದ ಮುಚ್ಚಿ ಹೋತು. ಇನ್ನ ಕೈಯಾಗ ತಗೊಂಡು ಏನ್ ಮಾಡೂದೈತ್ರಿ? ಹಾಲ ಚೆಲ್ಲಿದ ಮ್ಯಾಲ ಗಡಗಿ ತೊಳದ ನೀರು ಕುಡದಂಗ."

ತಾಯವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಹಂಗಾರ ಯಣ್ಣಾ, ಗಡಗಿ ತೊಳದ ನೀರು ಕುಡದ ಬದುಕಿದಾಕಿ ನಿನ್ನ ಮುಂದ ನಿಂತಾಳ. ನೋಡು."

ಅಪ್ಪ ತಲೆ ಎತ್ತಿದ.

"ನನ್ನ ಹೊಟ್ಟಿಯಾಗಿಂದು ಪೂರಾ ತಗಿಯಾಕ ಆಗಿರಲಿಲ್ಲ. ಹೊಟ್ಟಿ ದಾರಿ ನಿನಗಲ್ಲ ಅಂದ್ರು. ನನಗ ಇದ್ದದ್ದ ಈ ಒಂದ ದಾರಿ. ಇದು ಎಂಜಲ ಔಷಧ ಅಲ್ಲ. ಈ ರೋಗದವರು ಹೆಚ್ಚಿನ ಮಂದಿ ಇದನ್ನ ತಗೊಂತಾರ."

"ತಗೊಂಡ್ರ ಉಳೀತಾಳೇನು?"

ತಾಯವ್ವ ಈಗ ಕುಳಿತಳು. ಧ್ವನಿ ಇಳಿಯಿತು. "ಸುಳ್ಳ ಹೇಳೂದಿಲ್ಲ. ನನ್ನ ಕೂಡ ಕೈಯಾಗ ತಗೊಂಡಾಕಿ ಒಬ್ಬಾಕಿ ಇದ್ಲು, ಬೀಳಗಿಯಾಕಿ. ಎಲ್ಲಾ ಮುಗಸಿದ್ಲು. ಹೋದ್ಲು. ನಾ ಇದ್ದೇನಿ. ಯಾಕಂತ ಡಾಕ್ಟರಿಗೂ ಗೊತ್ತಿಲ್ಲ. ಆದ್ರ ನಡುವ ಬಿಟ್ಟು ಮನ್ಯಾಗ ಕುಂತ್ರ ಏನಾಗತೈತಿ ಅನ್ನೂದು ಮಾತ್ರ ಗೊತ್ತೈತಿ. ಎಳಿ ಹರೀತಂತ ಮಗ್ಗ ಬಿಟ್ಟ ಎದ್ದ ಹೋಗತಾರೇನಣ್ಣಾ? ಗಂಟ ಹಾಕಿ ನೇಯತಾರ. ಗಂಟ ಕಾಣತೈತಿ, ಕಾಣಲಿ."

ಗೋಡೆಯ ಕಡೆಯಿಂದ ದನಿ ಬಂತು. "ಯಾರರ ನನ್ನ ಕೇಳ್ರಿ."

ಎಲ್ಲರೂ ತಿರುಗಿದೆವು. ಅವ್ವ ಗೋಡೆ ಹಿಡಿದು ಎದ್ದು ಕುಳಿತಿದ್ದಳು.

"ಹೊಟ್ಟಿ ಅಂದ್ರಿ, ಕೈ ಅಂದ್ರಿ. ನನಗ ಬ್ಯಾಸರಕಿ ಬಂದೈತಿ. ಆದ್ರ ಹಿಂಗ ನೀವು ಮೂರೂ ಮಂದಿ ನಾ ಸತ್ತಂಗ ಕುಂತದ್ದು ನೋಡಾಕ ಆಗವಲ್ದು. ಕರಕೊಂಡ ನಡೀರಿ."

ಅಪ್ಪ ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದ.

ಡಾಕ್ಟರು ತಡವಾದದ್ದಕ್ಕೆ ಬಯ್ಯಲಿಲ್ಲ. ರಕ್ತ ತಪಾಸಣೆ ಮಾಡಿ, ಉಳಿದ ನಾಲ್ಕೂ ಸಲದ ಔಷಧವನ್ನು ಕೈಯಿಂದ ಕೊಟ್ಟರು. ಅವ್ವನ ಬೆರಳೂ ಜೋಂ ಹಿಡಿದವು. ಬಿಸಿ ಹಂಚಿಗೆ ಕೈ ತಗುಲಿದರೂ ಗೊತ್ತಾಗದೆ ಸುಟ್ಟುಕೊಂಡಳು. ಆದರೆ ಮುಗಿಸಿದಳು. ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ. ಒಂದು ಮಳೆಗಾಲ, ಒಂದು ಚಳಿಗಾಲ ಆಕೆ ಮರಿಗಳಿಗೆ ಸೊಪ್ಪು ಹಾಕಿದಳು, ನಳದ ಹತ್ತಿರ ಜಗಳಾಡಿದಳು, ರೊಟ್ಟಿ ಬಡಿದಳು. ಮುಂದಿನ ಬೇಸಿಗೆಯಲ್ಲಿ ಹೊಟ್ಟೆ ಮತ್ತೆ ಬಿಗಿಯಿತು.

"ನಡುವ ಬಿಟ್ಟಿದ್ದಕ್ಕ ಬಂತೇನ್ರಿ? ಭಂಡಾರಕ್ಕ ಬಂತೇನ್ರಿ?" ಎಂದು ಅಪ್ಪ ಡಾಕ್ಟರನ್ನು ಕೇಳಿದ.

"ಹೇಳಾಕ ಬರೂದಿಲ್ಲ. ಎಲ್ಲಾ ಸರಿ ಆದವರಿಗೂ ಬಾಳ ಮಂದಿಗೆ ತಿರಗಿ ಬರತೈತಿ. ಈಗ ಬ್ಯಾರೆ ಔಷಧ ಕೊಡತೀವಿ, ಕೈಯಿಂದನ. ಬೇರ ಕೀಳಾಕ ಆಗೂದಿಲ್ಲ. ನೋವು ಕಡಿಮಿ ಆಗಬಹುದು, ದಿನ ಸ್ವಲ್ಪ ಹೆಚ್ಚ ಸಿಗಬಹುದು."

ಈ ಸಲ ಅಪ್ಪ "ಮುಗೀತು" ಎನ್ನಲಿಲ್ಲ. ಹೇಳಿದ ದಿನಕ್ಕೆ ತಪ್ಪದೆ ಕರೆದುಕೊಂಡು ಹೋಗುತ್ತಾನೆ. ಮೈ ಬೆಚ್ಚಗಾದರೆ ಹಿಂಡು ಬಿಟ್ಟು ಬರುತ್ತಾನೆ. ಅವ್ವ ಉಳಿಯುತ್ತಾಳೆ ಎಂದು ನಮ್ಮ ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ.

ಮೊನ್ನೆ ಅಮಾವಾಸ್ಯೆಯ ದಿನ ಅವ್ವ ತಾನೇ ದೇವರಿಗೆ ದೀಪ ಹಚ್ಚಿದಳು. ಭಂಡಾರದ ಬಟ್ಟಲು ತಂದು ಆಯಿಯ ಮುಂದೆ ಇಟ್ಟಳು. ಆಯಿ ಕೈ ಹೊರಗೆ ತೆಗೆಯಲಿಲ್ಲ. ಅವ್ವ ಆಕೆಯ ಸೆರಗಿನೊಳಗಿಂದ ಕೈ ಎಳೆದು, ಬೆರಳನ್ನು ಬಟ್ಟಲಿನಲ್ಲಿ ಅದ್ದಿ, ತನ್ನ ಹಣೆಗೆ ಒತ್ತಿಕೊಂಡಳು.

"ಇಲ್ಲಿ ಹಚ್ಚ, ಅತ್ತಿ. ಇಲ್ಲಿ ಏನೂ ಆಗೂದಿಲ್ಲ."

ಅಕ್ಕಂದಿರೇ, ಅವ್ವಂದಿರೇ, ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಮತ್ತೆ ಮತ್ತೆ ಒಂದಕ್ಕೆ ಹೋಗುವುದು, ಇವು ಎರಡು ಮೂರು ವಾರವಾದರೂ ಹೋಗದಿದ್ದರೆ ಗ್ಯಾಸ್ ಎಂದು ನುಂಗಿಕೊಂಡು ಕೂಡಬೇಡಿ. ಎಲ್ಲ ಉಬ್ಬರವೂ ಕ್ಯಾನ್ಸರ್ ಅಲ್ಲ. ಆದರೆ ತೋರಿಸದೆ ಗೊತ್ತಾಗುವುದಿಲ್ಲ. ಆಪರೇಶನ್ ಆದ ಮೇಲೆ ಯಾವ ದಾರಿಯಿಂದ ಔಷಧ ಎಂದು ಡಾಕ್ಟರನ್ನು ಕೇಳಿ. ಅದು ನನಗೆ ಯಾಕೆ ಹೊಂದುತ್ತದೆ, ಏನು ಕಷ್ಟ ಕೊಡುತ್ತದೆ, ಅದು ನಿಂತರೆ ಮುಂದೇನು ಎಂದೂ ಕೇಳಿ. ಡಾಕ್ಟರರ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಇನ್ನೊಬ್ಬರಿಗೆ ಕೊಟ್ಟದ್ದೇ ನಿಮಗೆ ಬೇಕೆಂದಿಲ್ಲ. ಗುಂಡಿಯ ಮೇಲೆ, ಗಾಯದ ಮೇಲೆ ಎಣ್ಣೆಯೂ ಬೇಡ, ಭಂಡಾರವೂ ಬೇಡ, ದೇವರ ಬೂದಿ ಅಂಗಾರವೂ ಬೇಡ. ದೇವರು ಹಣೆಗೆ ಇರಲಿ. ಜ್ವರ ಬಂದ ದಿನವೇ ಹೊರಡಿ, ಗಂಡಸರು ಬರಲಿ ಎಂದು ಕಾಯಬೇಡಿ. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಬಿಟ್ಟು ಮನೆಯಲ್ಲಿ ಕೂಡಬೇಡಿ.

ಇದನ್ನು ನಮ್ಮ ಊರ ಹೆಂಗಸರ ಸಂಘದಲ್ಲಿ ಓದುತ್ತಿದ್ದೇನೆ. ಅವ್ವ ಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತಿದ್ದಾಳೆ. ಓದು ಮುಗಿದ ಮೇಲೆ ಅಯ್ಯೋ ಎಂದು ಮುಖ ತಿರುಗಿಸಬೇಡಿ, ಆಕೆಯನ್ನು ಕೇಳಿ. ಎಲ್ಲ ಹೇಳುತ್ತೇನೆ ಎಂದೇ ಬಂದಿದ್ದಾಳೆ. ಕೇಳುವುದಿದ್ದರೆ ಈಗಲೇ ಕೇಳಿ. ಬಹಳ ಹೊತ್ತು ಕೂಡಲು ಆಕೆಗೆ ಆಗುವುದಿಲ್ಲ.